ಪೊಲೀಸ್ ವಿಚಾರಣೆಗೆ ಬಂದವರಿಗೆ ಕೇಸರಿಬಾತ್

ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಯ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ, ಇನ್ನು ಉಳಿದಿರುವುದು ಸಮವಸ್ತ್ರದ ಅಳತೆ ಕೊಡುವುದೊಂದೇ ಎಂದುಕೊಂಡಿದ್ದೆ. ಓಟ ಮುಗಿದಿತ್ತು, ಗುಂಡು ಎಸೆದಾಗಿತ್ತು, ಪರೀಕ್ಷೆಯೂ ಪಾಸಾಗಿತ್ತು. ನಡುವೆ ಪೂರ್ವಾಪರ ಪರಿಶೀಲನೆ ಎಂಬ ಸಣ್ಣ ಶಾಸ್ತ್ರವೊಂದಿತ್ತು. ನಾನೇನು ಕೊಲೆ ಮಾಡಿದ್ದೇನೆಯೇ, ದರೋಡೆ ಮಾಡಿದ್ದೇನೆಯೇ? ಹಾರನಹಳ್ಳಿಯಲ್ಲಿ ಹುಟ್ಟಿ, ಅರಸೀಕೆರೆಯಲ್ಲಿ ಡಿಗ್ರಿ ಓದಿ, ದಿನಾ ಸಂಜೆ ಆರರ ಬಸ್ಸಿಗೆ ಮನೆ ಸೇರಿದವಳು ನಾನು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಪೊಲೀಸರೆಂದರೆ ವಿಪರೀತ ಭಯ. ಬಸ್ ಸ್ಟ್ಯಾಂಡಿನಲ್ಲಿ ಖಾಕಿ ಕಂಡರೆ, ಬ್ಯಾಗಿನಲ್ಲಿ ಖಾಲಿ ಊಟದ ಡಬ್ಬಿ ಬಿಟ್ಟು ಬೇರೇನೂ ಇಲ್ಲದಿದ್ದರೂ ಅದನ್ನು ಅವುಚಿಕೊಂಡು ಕಂಬದ ಹಿಂದೆ ನಿಲ್ಲುತ್ತೇನೆ. ಮತ್ತೆ ಆ ಕೆಲಸಕ್ಕೇ ಯಾಕೆ ಅರ್ಜಿ ಹಾಕಿದೆ ಎಂದು ನೀವು ಕೇಳಬಹುದು. ಬೇರೆ ಮೂರು ಪರೀಕ್ಷೆಗಳಲ್ಲಿ ಸೋತ ಮೇಲೆ ಕೈಗೆ ಸಿಕ್ಕಿದ್ದು ಇದೊಂದೇ. ನನಗಾಗಲೇ ಇಪ್ಪತ್ತಾರು. ಇದು ತಪ್ಪಿದರೆ ವಯಸ್ಸಿನ ಮಿತಿ ದಾಟಿ, ಇನ್ನೊಂದು ಅರ್ಜಿ ಹಾಕುವ ಹಾಗೂ ಇರಲಿಲ್ಲ.

ಆ ಹೊತ್ತಿಗೆ ಜೊತೆಯಲ್ಲಿ ಆಯ್ಕೆಯಾಗಿದ್ದ ಬಾಣಾವರದ ರೇಖಾ ಫೋನ್ ಮಾಡಿದಳು.

"ಠಾಣೆಯವ್ರು ಮಫ್ತೀಲಿ ಬಂದು ಅಕ್ಕಪಕ್ಕದೋರ್ನ ಕೇಳ್ತಾರಂತೆ ಕಣೇ. ಯಾರಾದ್ರೂ ಒಂದ್ ಮಾತು ಕೆಟ್ಟದಾಗಿ ಹೇಳಿದ್ರೂ ಮುಗೀತು."

ಕೂತಲ್ಲೇ ನನ್ನ ಅಪರಾಧಗಳನ್ನೆಲ್ಲ ನೆನಪಿಸಿಕೊಂಡೆ. ಒಮ್ಮೆ ಬಾಣಾವರದಿಂದ ಅರಸೀಕೆರೆಗೆ ಟಿಕೆಟ್ ಇಲ್ಲದೆ ರೈಲಿನಲ್ಲಿ ಬಂದದ್ದು. ಅಂಗಡಿ ಪುಟ್ಟಸ್ವಾಮಣ್ಣನ ಕೋಳಿಯ ಮೇಲೆ ಸೈಕಲ್ ಹತ್ತಿಸಿ, ಹಿಂದೆ ತಿರುಗಿ ನೋಡದೆ ಹೋದದ್ದು. ಪಕ್ಕದ ಮನೆಯ ಗೌರಮ್ಮತ್ತೆಯ ಜೊತೆ ಚರಂಡಿ ನೀರಿಗಾಗಿ ಜಗಳವಾಡಿದ್ದು. ಅರ್ಜಿಯ ನಮೂನೆಯಲ್ಲಿ "ನಿಮ್ಮ ಮೇಲೆ ಯಾವುದಾದರೂ ಪ್ರಕರಣವಿದೆಯೇ?" ಎಂಬಲ್ಲಿ "ಇಲ್ಲ" ಎಂದು ಬರೆದಿದ್ದೆ. ಈಗ ಆ ಕೋಳಿ ಕಣ್ಣ ಮುಂದೆ ಬಂತು.

ಅಮ್ಮ ನನಗಿಂತ ಹೆದರಿದಳು. "ಪೊಲೀಸ್ನೋರು ಬತ್ತಾರೆ ಅಂತ ಬಾಯ್ಬಿಡಬ್ಯಾಡ. ಮನೆ ಬಾಗ್ಲಿಗೆ ಪೊಲೀಸು ಅಂದ್ರೆ ಜನ ಏನಂದ್ಕತಾರೆ? ಆರ್ಡ್ರು ಕೈಗೆ ಬರಾಗಂಟ ಕೆಲ್ಸದ್ ಮಾತೂ ಎತ್ಬ್ಯಾಡ. ದೃಷ್ಟಿ ಆಯ್ತದೆ."

ಹೇಳಬಾರದು, ಆದರೆ ಹೇಳಿಸಬೇಕು. ಬಹಳ ಯೋಚಿಸಿ ಒಂದು ಉಪಾಯ ಕಂಡುಹಿಡಿದು ಗೌರಮ್ಮತ್ತೆಯ ಮನೆಗೆ ಹೋದೆ. ಹೆದರಿಕೆಗೆ ಮುಖ ಬೆವರಿತ್ತು, ತಲೆ ಎತ್ತಲಾಗಲಿಲ್ಲ, ಸೆರಗಿನಂತೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

"ಅತ್ತೆ, ನನ್ನ ಬಗ್ಗೆ ವಿಚಾರಿಸ್ಕೊಂಡು ಯಾರೋ ಬರೋರಿದಾರೆ. ಸ್ವಲ್ಪ ಒಳ್ಳೇದು ಹೇಳ್ಬೇಕು. ನನ್ನ ಜೀವನದ ಪ್ರಶ್ನೆ."

ಗೌರಮ್ಮತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ನನ್ನ ಮುಖ ನೀವಿ ನೆಟಿಗೆ ಮುರಿದರು. "ಹೇಳ್ದೆ ಇರ್ತೀನೇನವ್ವ? ಎಲ್ಲಾ ನನಗೆ ಬಿಡು. ಪುಟ್ಸಾಮಣ್ಣಂಗೂ ನಾನೇ ಹೇಳ್ತೀನಿ."

ಚರಂಡಿಯನ್ನು ಮರೆತ ಆ ದೊಡ್ಡ ಮನಸ್ಸಿಗೆ ನನ್ನ ಕಣ್ಣು ಒದ್ದೆಯಾಯಿತು.

ಮುಂದಿನ ಶನಿವಾರ ಅಪ್ಪ ತೋಟಕ್ಕೆ ಹೋದರು. ನಾನೂ ಅಮ್ಮನೂ ಮಾಲೇಕಲ್ಲು ಬೆಟ್ಟಕ್ಕೆ ಹೋಗಿ, ಅಷ್ಟೂ ಮೆಟ್ಟಿಲು ಹತ್ತಿ, ಪರಿಶೀಲನೆ ಸುಸೂತ್ರವಾಗಲೆಂದು ವೆಂಕಟರಮಣನಿಗೆ ಕೈ ಮುಗಿದೆವು. ಅದೇ ಹೊತ್ತಿಗೆ ಊರಿನಲ್ಲಿ ಪರಿಶೀಲನೆ ಸುಸೂತ್ರವಾಗಿ ನಡೆಯುತ್ತಿತ್ತು! ವಾಪಸು ಬರುವಾಗ ಗೌರಮ್ಮತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಬಂದಿದ್ರು ಕಣವ್ವ. ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಹುಡುಗನ ಮಾವ ಇರ್ಬೇಕು. ನೀವು ಇಲ್ವಲ್ಲ, ನಾನೇ ಕೂರ್ಸಿ ಕೇಸರಿಬಾತ್ ಮಾಡಿ ಕೊಟ್ಟೆ. ಎರಡ್ ಸಲ ಹಾಕಿಸ್ಕೊಂಡ್ರು."

"ಯಾವ ಹುಡುಗ?" ಎಂದೆ. ಆದರೆ ಕೇಳುತ್ತಿರುವಾಗಲೇ ನನಗೆ ಅರ್ಥವಾಗಿಬಿಟ್ಟಿತ್ತು. ನಮ್ಮ ಕಡೆ ಮದುವೆ ವಯಸ್ಸಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತು, ತನ್ನ ಬಗ್ಗೆ ವಿಚಾರಿಸಲು ಯಾರೋ ಬರುತ್ತಾರೆ, ಜೀವನದ ಪ್ರಶ್ನೆ ಎಂದರೆ ಅದಕ್ಕಿರುವುದು ಒಂದೇ ಅರ್ಥ. ಇಡೀ ಬೀದಿಗೆ ಅದು ಗೊತ್ತಾಗಿತ್ತು. ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನಕ್ಕೆ ಒಳ್ಳೆಯ ಅಂಕ ಪಡೆದಿದ್ದ ನನಗೆ ಮಾತ್ರ ಗೊತ್ತಾಗಿರಲಿಲ್ಲ.

"ಏನೇನು ಹೇಳಿದ್ರಿ ಅತ್ತೆ?" ಎಂದೆ.

ಅವರು ಬೆರಳು ಮಡಚುತ್ತ ಹೇಳಿದರು. "ವಯಸ್ಸು ಇಪ್ಪತ್ತೆರಡು ಅಂದೆ, ನಾಕು ವರ್ಷ ಇಳ್ಸಿದೀನಿ. ಅಡ್ಗೇಲಿ ಎತ್ತಿದ ಕೈ ಅಂದೆ. ಬಾಳ ಮೆತ್ತನೆ ಹುಡ್ಗಿ, ಎದುರು ಮಾತಾಡಾಕೇ ಬರಾಕಿಲ್ಲ, ಒಬ್ಳೇ ಅಂಗಡಿಗೂ ಹೋಗಾಕಿಲ್ಲ ಅಂದೆ. ಬಾಳ ಹೆದರ್ಕತಾಳೆ, ಜಿರಳೆ ಕಂಡ್ರೂ ಕಿರುಚ್ತಾಳೆ ಅಂದೆ. ಓಡ್ತಾಳಂತಲ್ಲ ಅಂತ ಅವ್ರೇ ಕೇಳಿದ್ರು. ಯಾರೋ ಕಲ್ಲು ಹಾಕೋಕೆ ಹೇಳಿರ್ಬೇಕು. ಓಡಾದೇ ಇಲ್ಲ ಸ್ವಾಮಿ, ಕಾಲು ಸೂಕ್ಷ್ಮ ಅಂತ ಸಂಭಾಳಿಸ್ದೆ. ಕೆಲ್ಸ ಗಿಲ್ಸ ಸಿಕ್ರೂ ಮದ್ವೆ ಆದ್ಮೇಲೆ ಬಿಟ್ಬಿಡ್ತಾಳೆ ಅಂತ ಪುಟ್ಸಾಮಣ್ಣನೂ ಹೇಳ್ದ. ಎಲ್ಲಾನೂ ಬರ್ಕೊಂಡ್ರು ಕಣವ್ವ. ಇಷ್ಟು ಬರ್ಕೊಳೋ ಬೀಗರನ್ನ ನಾನು ನೋಡೇ ಇರ್ನಿಲ್ಲ."

ಅಮ್ಮ ಜಗಲಿಯ ಮೇಲೆ ಕುಸಿದು ಕೂತಳು. ನಾನು ಹೇಗೋ ಬಾಯಿಬಿಟ್ಟೆ. "ಅತ್ತೆ, ಅವ್ರು ಪೊಲೀಸು."

"ಹುಡುಗನ ಕಡೆಯೋರು ಪೊಲೀಸಾ? ಇನ್ನೂ ಒಳ್ಳೇದೇ ಬಿಡು," ಎಂದರು ಗೌರಮ್ಮತ್ತೆ.

ಸೋಮವಾರ ಠಾಣೆಯಿಂದ ಫೋನ್ ಬಂತು. ಬರಬೇಕಂತೆ. ಗೇಟಿನ ಮುಂದೆ ಮೂರು ಸಲ ಹಾದುಹೋದೆ. ನಾಲ್ಕನೆಯ ಸಲ ಬಾಗಿಲಲ್ಲಿದ್ದ ಪೇದೆ ಕೂಗಿದರು. "ಏನಮ್ಮ, ಕಂಪ್ಲೇಂಟ್ ಕೊಡ್ಬೇಕಿತ್ತಾ? ಯಾರಾದ್ರೂ ಹಿಂದೆ ಬಿದ್ದಿದಾರಾ?"

ಇಲ್ಲ ಸಾರ್, ನಾನು ಪೊಲೀಸ್ ಆಗಬೇಕು ಎನ್ನಲು ಹೋದೆ. ಧ್ವನಿ ಬರಲಿಲ್ಲ. ಅವರು ಪಾಪ, ನೀರು ಕೊಟ್ಟು ಒಳಗೆ ಕರೆದುಕೊಂಡು ಹೋದರು.

ಒಳಗೆ ನರೆಗೂದಲಿನ ಎಎಸ್‌ಐ ಒಬ್ಬರು ಕೂತಿದ್ದರು. ನಮ್ಮೂರಿಗೆ ಬಂದಿದ್ದವರು ಅವರೇ. ಮುಂದೆ ನನ್ನ ಅರ್ಜಿ, ಪಕ್ಕದಲ್ಲಿ ಅವರು ಗೀಚಿಕೊಂಡಿದ್ದ ಕಚ್ಚಾ ಹಾಳೆ.

"ಅರ್ಜೀಲಿ ಇಪ್ಪತ್ತಾರು, ಊರಲ್ಲಿ ಇಪ್ಪತ್ತೆರಡು. ಫೈಲಲ್ಲಿ ನಾನೂರು ಮೀಟರ್ ಓಡಿದೀರಾ, ಊರಲ್ಲಿ ಕಾಲು ಸೂಕ್ಷ್ಮ. ಓಡಿದ್ದು ನೀವೇನಾ, ನಿಮ್ಮ ಬದ್ಲು ಬೇರೆ ಯಾರಾದ್ರೂ ಓಡಿದ್ರಾ?"

ಕೆಲಸ ಹೋಯಿತು, ಜೈಲೂ ಗ್ಯಾರಂಟಿ ಅನ್ನಿಸಿತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ದುಪಟ್ಟಾ ಸುತ್ತಿಕೊಂಡದ್ದು, ನೆಟಿಗೆ ಮುರಿದದ್ದು, ಮಾಲೇಕಲ್ಲಿನ ಮೆಟ್ಟಿಲು. ಯಾರೂ ಕೇಳದಿದ್ದರೂ ಕೋಳಿಯ ವಿಷಯವನ್ನೂ ಒಪ್ಪಿಕೊಂಡೆ.

ಅವರು ನಗಲಿಲ್ಲ. ಆದರೆ ಮೀಸೆ ಸ್ವಲ್ಪ ಅಲ್ಲಾಡಿತು. "ಕೋಳಿ ಕೇಸ್ ನಮ್ಮಲ್ಲಿ ಇಲ್ಲಮ್ಮ. ಕೆಟ್ಟ ಹೆಸರಿದೆಯಾ, ಕೇಸಿದೆಯಾ, ಅಷ್ಟೇ ನಾನು ನೋಡೋದು. ತಗೊಳ್ಳಿ, ಸುಳ್ಳಿರೋದಕ್ಕೆಲ್ಲ ನೀವೇ ಗೆರೆ ಹೊಡೆದು ಕೆಳಗೆ ರುಜು ಹಾಕಿ," ಎಂದು ಹಾಳೆಯನ್ನೂ ಕೆಂಪು ಪೆನ್ನನ್ನೂ ನನ್ನ ಕಡೆ ತಳ್ಳಿದರು.

ವಯಸ್ಸಿಗೆ ಗೆರೆ ಹೊಡೆದೆ. ಸೂಕ್ಷ್ಮ ಕಾಲಿಗೆ ಹೊಡೆದೆ. ಮದುವೆಯಾದ ಮೇಲೆ ಕೆಲಸ ಬಿಡುವ ಮಾತಿಗೆ ಎರಡು ಗೆರೆ. ಅಡುಗೆ ಎಂಬಲ್ಲಿ ಅಮ್ಮನ ಬೈಗುಳ ನೆನೆದು ಅದಕ್ಕೂ ಹೊಡೆದೆ. ಎದುರು ಮಾತಾಡುವುದಿಲ್ಲ ಎಂಬುದೂ ಹೋಯಿತು, ಒಬ್ಬಳೇ ಅಂಗಡಿಗೆ ಹೋಗುವುದಿಲ್ಲ ಎಂಬುದೂ ಹೋಯಿತು. ಕೊನೆಗೆ ಒಂದು ಸಾಲು ಉಳಿಯಿತು. "ಹುಡುಗಿ ತುಂಬಾ ಹೆದರುತ್ತಾಳೆ."

ಪೆನ್ನು ಅದರ ಮೇಲೆ ಎಷ್ಟೋ ಹೊತ್ತು ನಿಂತಿತು. ಠಾಣೆಯಲ್ಲಿ ಕೂತು, ಪೊಲೀಸರ ಎದುರಿಗೆ, ಪೊಲೀಸರ ಪೆನ್ನಿನಲ್ಲಿ ಸುಳ್ಳು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಹಾಗೇ ಬಿಟ್ಟು ರುಜು ಹಾಕಿದೆ.

ಎಎಸ್‌ಐ ಹಾಳೆಯನ್ನು ಅರ್ಜಿಯ ಪಕ್ಕದಲ್ಲಿಟ್ಟು ನೋಡಿದರು. "ರುಜು ತಾಳೆ ಆಗ್ತಿಲ್ವಲ್ಲಮ್ಮ. ಕೈ ಯಾಕೆ ಹಿಂಗೆ ನಡುಗ್ತಿದೆ?"

ಉತ್ತರ ಹಾಳೆಯಲ್ಲೇ ಇತ್ತು. ನೀರು ಕುಡಿದು ಇನ್ನೊಂದು ಸಲ ಹಾಕಿದೆ, ಆಮೇಲೆ ಮತ್ತೆರಡು ಸಲ. ಐದನೆಯ ರುಜು ಒಪ್ಪಿಗೆಯಾಯಿತು.

ಆರ್ಡರ್ ಬಂದಿದೆ. ರಾಜ್ಯವನ್ನು ಕಾಯಲು ಮುಂದಿನ ತಿಂಗಳು ತರಬೇತಿಗೆ ಹೊರಡುತ್ತಿದ್ದೇನೆ. ನನ್ನ ಬಗ್ಗೆ ಊರೆಲ್ಲ ವಿಚಾರಿಸಿದ ಮೇಲೆ ನಿಜವೆಂದು ಉಳಿದದ್ದು ಒಂದೇ ಒಂದು ಮಾತು. ಅದರ ಕೆಳಗೆ ನನ್ನದೇ ಐದು ರುಜುಗಳಿವೆ.