ಮಾವ ದೋಣಿಯವನನ್ನು ವಿಚಾರಿಸಿದ್ದು

ನಮ್ಮ ಸೋದರಮಾವ ಹೊಳೆನರಸೀಪುರದಲ್ಲೇ ಹುಟ್ಟಿ, ಅಲ್ಲೇ ಹೈಸ್ಕೂಲು ಮೇಷ್ಟ್ರಾಗಿ, ಇಷ್ಟು ವರ್ಷವಾದರೂ ಆ ಊರಲ್ಲಿ ಇನ್ನೂ ಯಾರನ್ನೂ ನಂಬಿಲ್ಲ. ಕನ್ನಡಿಯನ್ನೂ! ಗಡ್ಡ ಹೆರೆದು ಕನ್ನಡಿ ನೋಡಿಕೊಂಡಮೇಲೆ ಅತ್ತೆಯನ್ನು ಕರೆದು ಕೆನ್ನೆ ತೋರಿಸುತ್ತಾರೆ. ಅತ್ತೆ "ನುಣ್ಣಗೈತೆ" ಅಂದರೆ ಅತ್ತೆಯ ಮೇಲೂ ಒಂದು ಅನುಮಾನದ ನೋಟ ಬೀರಿ, ಕೊನೆಗೆ ತಾವೇ ಬೆರಳಾಡಿಸಿ ನೋಡಿಕೊಳ್ಳುತ್ತಾರೆ.

'ಹಾಸನ' ಅಂತ ಬೋರ್ಡು ಹಾಕಿದ ಬಸ್ಸಿಗೆ ಅವರು ಹತ್ತುವ ವೈಭವ ನೋಡಬೇಕು. ಮೊದಲು ಡ್ರೈವರನ್ನು ಕೇಳುತ್ತಾರೆ. ಆಮೇಲೆ ಕಂಡಕ್ಟರನ್ನು. ಇಬ್ಬರೂ ಒಂದೇ ಮಾತು ಹೇಳಿದರೆ, ಇವರಿಬ್ಬರೂ ಸೇರಿಕೊಂಡಿದ್ದಾರೆ ಅಂತ ಕಿಟಕಿಯ ಪಕ್ಕದ ಮುದುಕಿಯನ್ನು ಕೇಳುತ್ತಾರೆ. "ಬೋರ್ಡಲ್ಲೇ ಬರೆದೈತಲ್ಲ ಮಾವ" ಅಂದರೆ, "ಬೋರ್ಡು ಬರೆದೋನು ಬೇರೆ, ಬಸ್ಸು ಓಡ್ಸೋನು ಬೇರೆ ಕಣ್ಲಾ!"

ಇನ್ನು ಡಾಕ್ಟರ ಕತೆ. ಬೀಪಿ ನೋಡಲು ಬಂದ ಡಾಕ್ಟರಿಗೆ ಮಾವ ತೋಳು ಕೊಡಲೇ ಇಲ್ಲ. "ಮೊದ್ಲು ನಿಮ್ದು ನೋಡ್ಕಳಿ ಸಾ, ಮಿಷನ್ನು ನೆಟ್ಟಗೈತಾ ತಿಳೀಲಿ." ಡಾಕ್ಟರು ನಗುತ್ತಾ ತಮ್ಮ ತೋಳಿಗೇ ಪಟ್ಟಿ ಸುತ್ತಿಕೊಂಡರು. ನಗು ನಿಂತಿತು. ಅವತ್ತಿನಿಂದ ಮಾತ್ರೆ ನುಂಗುತ್ತಿರುವವರು ಡಾಕ್ಟರು. ಮಾವ ಕಲ್ಲುಗುಂಡಿನ ಹಾಗಿದ್ದಾರೆ!

ಇದನ್ನೆಲ್ಲ ಮಾವನ ದನಿಯಲ್ಲೇ ಮಾಡಿ ತೋರಿಸಿ ನಾನು ಹಾಸನದ ಕಾಲೇಜಿನಲ್ಲಿ ಹೆಸರು ಮಾಡಿದ್ದೆ. ಪ್ರಿನ್ಸಿಪಾಲರಿಂದ ಹಿಡಿದು ಜವಾನನವರೆಗೆ ನನ್ನ ಗಂಟಲಿಗೆ ಸಿಗದವರಿಲ್ಲ. ಒಮ್ಮೆ ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಬಂದ ನನ್ನನ್ನೇ ನಾನು ಮಾಡಿ ತೋರಿಸಿದಾಗ ಜನ ಎಲ್ಲಕ್ಕಿಂತ ಜಾಸ್ತಿ ನಕ್ಕರು. ಯಾಕೋ ಗೊತ್ತಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ಗೆಳೆಯರ ಗುಂಪಿಗೆ ರಾಫ್ಟಿಂಗ್ ಹುಚ್ಚು ಹಿಡಿಯಿತು. ಕೊಡಗಿನ ಕಾಡಿನಾಚೆ, ರಸ್ತೆ ಕೂಡ ಹೋಗಲು ಹೆದರುವ ಒಂದು ಕಮರಿ. ಮಳೆಗಾಲದಲ್ಲಿ ಅಲ್ಲಿ ಹೊಳೆ ಬಂಡೆಯಿಂದ ಬಂಡೆಗೆ ಹಾರುತ್ತಾ ಬರುತ್ತದೆ. ರಬ್ಬರಿನ ದೋಣಿಯಲ್ಲಿ ಕೂತು ಅದರ ಬೆನ್ನ ಮೇಲೆ ಇಳಿಯುವುದು! ನನಗಂತೂ ನಿದ್ದೆಯಲ್ಲೂ ಹುಟ್ಟು ಹಾಕುವುದೇ ಕೆಲಸವಾಯಿತು. ಅಮ್ಮ ಮಾತ್ರ ಒಂದೇ ಮಾತು ಹೇಳಿದಳು: "ನಿಮ್ಮಾವ ಹ್ಞೂಂ ಅಂದ್ರೆ ಹೋಗು."

ಇದಕ್ಕಿಂತ 'ಬೇಡ' ಅಂದಿದ್ದರೆ ಆಗುತ್ತಿರಲಿಲ್ಲವೇ?

ಮಾವನ ಮುಂದೆ ನಿಂತು ಎಲ್ಲ ವಿವರಿಸಿದೆ.

"ಆ ದಡದಲ್ಲಿ ಯಾರವ್ರೆ?"

"ಯಾರೂ ಇಲ್ಲ ಮಾವ."

"ಏನಾರ ಕೆಲ್ಸ?"

"ಕೆಲ್ಸಾನೂ ಇಲ್ಲ."

"ಮತ್ತೆ ದೋಣಿ ಯಾಕ್ಲಾ ಹತ್ತೀಯ?"

"ಇಳಿಯೋಕೆ ಮಾವ."

ಮಾವ ಕನ್ನಡಕ ತೆಗೆದು ಒರೆಸಿದರು. ಭಯವಿಲ್ಲ, ತಲೆಗೆ ಹೆಲ್ಮೆಟ್ ಬೇರೆ ಕೊಡುತ್ತಾರೆ ಅಂದೆ. ಅಲ್ಲೇ ಕೆಟ್ಟಿತು. "ಭಯ ಇಲ್ದಿದ್ರೆ ಹೆಲ್ಮೆಟ್ ಯಾಕ್ಲಾ ಕೊಡ್ತಾನೆ? ಆ ದೋಣಿ ನಡೆಸೋನು ಯಾವೂರೋನು?"

"ಅರಕಲಗೂಡು."

ಮಾವನ ಮುಖ ಅರಳಿತು. "ನಮ್ ಕಡೆಯೋನು! ಅಂಗಾರೆ ವಿಚಾರಿಸ್ಬೋದು."

ನಮ್ಮ ಕಡೆ 'ವಿಚಾರಿಸುವುದು' ಅಂದರೆ ಸುಮ್ಮನೆ ಅಲ್ಲ. ಹೆಣ್ಣು ಕೊಡುವ ಮುಂಚೆ ಹೇಳದೆ ಕೇಳದೆ ಗಂಡಿನ ಬೀದಿಗೆ ಹೋಗಿ, ಮೂಲೆಯಂಗಡಿಯಲ್ಲಿ ಟೀ ಕುಡಿಯುತ್ತಾ, ಹುಡುಗ ಎಂಥವನು, ಚಟವೇನು ಅಂತ ಅಡ್ಡಡ್ಡವಾಗಿ ಕೇಳಿ ತಿಳಿಯುವ ವಿದ್ಯೆ ಅದು. ಮಾವ ಅದರಲ್ಲಿ ಪಳಗಿದವರು. ಚನ್ನರಾಯಪಟ್ಟಣದ ಒಂದು ಗಟ್ಟಿ ಸಂಬಂಧವನ್ನು, ಹುಡುಗ ಕಾಫಿಗೆ ಸಕ್ಕರೆ ಜಾಸ್ತಿ ಹಾಕಿಸಿಕೊಳ್ಳುತ್ತಾನೆ ಅಂತ ಮುರಿದು ಬಂದಿದ್ದರು.

ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಅರಕಲಗೂಡಿಗೆ ಹೋದರು. ದೋಣಿಯವನ ಬೀದಿಯ ಮೂಲೆಯಂಗಡಿ. ಎರಡು ಟೀ.

"ಆ ಮನೆ ಹುಡ್ಗ ಹೆಂಗೆ?"

ಅಂಗಡಿಯವನ ಮುಖದಲ್ಲೊಂದು ಕಳೆ ಬಂತು. "ಚಿನ್ನ ಕಣ್ ಸಾ!"

"ಕುಡಿತಾನಾ?"

"ನೀರು ಬುಟ್ರೆ ಬ್ಯಾರೆ ಇಲ್ಲ."

"ನೀರು ಕುಡಿದೋನು ಅಂದ್ರೆ ಮುಳುಗಿದ್ದಾನೆ ಅಂತಲೇ!" ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ನಮ್ಮ ಟೀ ಮುಗಿಯುವುದರೊಳಗೆ ಸುದ್ದಿ ಆ ಮನೆ ಮುಟ್ಟಿತ್ತು. ದೋಣಿಯವನ ತಾಯಿ ತಲೆಗೆ ಸೆರಗು ಹೊದ್ದು ಬೀದಿಗೇ ಬಂದರು. "ಬಾಗ್ಲಗಂಟ ಬಂದು ಅಂಗಡೀಲಿ ಕುಂತ್ರೆ ಆಯ್ತದಾ ಸಾ? ಒಳಕ್ ಬನ್ನಿ." ಹೋದರೆ ಕುರ್ಚಿಗೆ ಹೊಸ ಟವಲ್ಲು, ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು! ಇಷ್ಟೊಂದು ಮರ್ಯಾದೆ ಯಾಕೆ ಅಂತ ಮಾವನಿಗೆ ಅನುಮಾನ. ನಾನು ತಿನ್ನುತ್ತಿದ್ದೆ, ಕೇಸರಿಬಾತಿನ ಮೇಲೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ.

"ಏನ್ ಓದ್ಸಿದೀರಿ ಸಾ?" ಆಯಮ್ಮ ಮೆಲ್ಲಗೆ ಕೇಳಿದರು.

"ಬಿಎಸ್ಸಿ. ಓದು ಅಷ್ಟಕ್ಕಷ್ಟೆ."

"ಓದು ಕಟ್ಕೊಂಡು ಏನು, ಗುಣ ಇದ್ರೆ ಸಾಕು. ಅಡ್ಗೆ ಬತ್ತದಾ?"

"ಅಡ್ಗೇನಾ? ತಿಂದ ತಟ್ಟೆ ಎತ್ತಕಿಲ್ಲ!"

"ನಾನ್ ಕಲಿಸ್ಕತೀನಿ ಬುಡಿ. ಫೋಟೋ ತಂದಿದ್ದೀರಾ?"

"ಫೋಟೋ ಯಾಕಮ್ಮ? ಇಲ್ಲೇ ಕುಂತವ್ನಲ್ಲ, ನೋಡ್ಕಳಿ" ಅಂತ ಮಾವ ನನ್ನ ಕಡೆ ಕೈ ತೋರಿಸಿದರು.

ಆ ತಾಯಿ ನನ್ನನ್ನು ನೋಡಿದರು. ಬಾಯಿ ತುಂಬ ಕೇಸರಿಬಾತು, ಅದರ ಮೇಲೆ ಆಗತಾನೆ ಚಿಗುರಿದ ಮೀಸೆ. ನಾಚಿಕೊಳ್ಳಲೋ ಓಡಿಹೋಗಲೋ ತಿಳಿಯಲಿಲ್ಲ!

ವಿಷಯ ಬಿಡಿಸಿ ಹೇಳುವಾಗ ಮಾವ ತೊದಲಿದ್ದನ್ನು ಮೊದಲ ಸಲ ಕೇಳಿದೆ. ತಾಯಿಯ ಮುಖ ಸಣ್ಣಗಾಯಿತು. ಆದರೂ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. "ತಿನ್ನಪ್ಪ. ಎಷ್ಟೋ ಜನ ಇಂಗೇ ಬಂದು ವಿಚಾರಿಸ್ಕಂಡು ಓಯ್ತಾರೆ. ನೀರಿನ ಕೆಲ್ಸದೋನಿಗೆ ಎಣ್ಣು ಕೊಡಾಕೆ ಯಾರ್ಗೂ ಧೈರ್ಯ ಇಲ್ಲ. ಮಳೆಗಾಲದಲ್ಲಿ ದಿನಾ ಸಂಜೆ ಮೂಲೆ ಅಂಗಡಿಗೆ ಪೋನ್ ಮಾಡಿ, 'ಅವ್ವಾ, ದಡಕ್ ಬಂದೆ' ಅಂತಾನೆ. ಅಲ್ಲೀಗಂಟ ಒಲೆ ಹಚ್ಚಾಕೆ ನಂಗೆ ಕೈ ಬರಕಿಲ್ಲ ಸಾ."

ವಾಪಸ್ ಬರುವಾಗ ಮಾವ, ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಯಾರನ್ನೂ ಕೇಳದೆ ಹತ್ತಿ ಕೂತರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮನೆ ಮುಟ್ಟಿ ಅಮ್ಮನಿಗೆ ಅಂದರು: "ಹೋಗ್ಲಿ ಬಿಡು. ಅವ್ನು ವಾಪಸ್ ಬರ್ಲೇಬೇಕಾದ ಹುಡ್ಗ. ಅವನ ಜೊತೆ ಹೋದ್ರೆ ಇವ್ನೂ ಬತ್ತಾನೆ. ದಡದ ತನ್ಕ ನಾನೂ ಹೋಗ್ತೀನಿ."

ಹೋದರು ಕೂಡ, ಪಂಚೆ, ಕೊಡೆ ಸಮೇತ! ಕಮರಿಯಲ್ಲಿ ಹೊಳೆಯ ಆರ್ಭಟಕ್ಕೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಮಾವ ದೋಣಿಯನ್ನು ಒತ್ತಿ ನೋಡಿದರು, ಹುಟ್ಟನ್ನು ಬಗ್ಗಿಸಿ ನೋಡಿದರು. "ಆ ಬಂಡೆ ನಿನ್ನೆನೂ ಅಲ್ಲೇ ಇತ್ತಾ?" ಅಂತ ದೋಣಿಯವನನ್ನು ಗದರಿದರು. ಅವನು ನಗುತ್ತಾ ನಮ್ಮೆಲ್ಲರ ಹೆಲ್ಮೆಟ್ಟು, ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿ ದೋಣಿ ಹತ್ತಿಸಿದ.

ಇನ್ನೇನು ದೋಣಿ ನೂಕಬೇಕು, ಮಾವ ಚಪ್ಪಲಿ ಸಮೇತ ನೀರಿಗಿಳಿದರು! ನನ್ನ ಕತ್ತುಪಟ್ಟಿ ಹಿಡಿದು ಮನೆಗೆ ಎಳೆದೊಯ್ಯುತ್ತಾರೆ, ಮುಗಿಯಿತು ಅಂದುಕೊಂಡೆ. ಮಾವ ನನ್ನ ಕಡೆ ನೋಡಲೂ ಇಲ್ಲ. ಸೀದಾ ಹೋಗಿ ದೋಣಿಯವನ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಎಲ್ಲರ್ದೂ ನೀನ್ ನೋಡ್ದೆ. ನಿಂದು ಯಾರ್ಲಾ ನೋಡೋರು? ಕೈ ಎತ್ತು."

ಅಷ್ಟೆತ್ತರದ ಆಳು ಎರಡೂ ಕೈ ಎತ್ತಿ ನಿಂತ. ಮೊಣಕಾಲುದ್ದ ನೀರಿನಲ್ಲಿ ಪಂಚೆ ತೇಲಾಡುತ್ತಿದ್ದರೂ ಮಾವ ಅವನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದರು. ಬಿಗಿದು, ನಂಬಿಕೆ ಬಾರದೆ, ಇನ್ನೊಂದು ಸಲ ಜಗ್ಗಿ ನೋಡಿದರು.