ಅಪ್ಪಟ ಜರಿ, ಅಸಲಿ ಕಾರ್ಬೊರೇಟರ್

ಯಾರಾದರೂ ಆಣೆ ಮಾಡಿ ಹೇಳಿದರೆ ನಂಬಿಬಿಡುವುದು ನನ್ನ ಹುಟ್ಟುಗುಣ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಏಕೆಂದರೆ ಹನೂರಿನ ಕಚೇರಿಯೊಂದರಲ್ಲಿ ಕುಳಿತು, ಜನ ತರುವ ಕಾಗದಪತ್ರಗಳಲ್ಲಿ ಅಸಲು ಯಾವುದು, ನಕಲು ಯಾವುದು ಎಂದು ನೋಡಿ ಹೇಳುವುದೇ ನನ್ನ ಉದ್ಯೋಗ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಗದವನ್ನು ಬೆಳಕಿಗೆ ಹಿಡಿದು, "ಏನಪ್ಪಾ, ಜೆರಾಕ್ಸ್ ತಂದು ಒರಿಜಿನಲ್ ಅಂತೀಯಲ್ಲ?" ಎಂದು ಗದರುವಾಗ ನನಗಾಗುವ ಸುಖ ಸಣ್ಣದಲ್ಲ. ಸಂಜೆ ಕೊಳ್ಳೇಗಾಲದ ಮನೆಗೆ ಬಂದರೆ ಅಂಗಳದಲ್ಲಿ ನನ್ನ ಹಳೆಯ ಟೂ ಸ್ಟ್ರೋಕ್ ಮೋಟಾರ್ ಸೈಕಲ್ ನಿಂತಿರುತ್ತದೆ. ಪಾಲಾರ್ ಕಡೆಯವನೊಬ್ಬ ಮಾದಪ್ಪನ ಆಣೆ ಇಟ್ಟು, "ಒಂದು ಸ್ಕ್ರೂ ಕೂಡ ಚೇಂಜ್ ಇಲ್ಲೆ ಸಾರ್, ಎಲ್ಲಾ ಕಂಪನಿ ಐಟಮ್ಮು" ಎಂದು ಕೊಟ್ಟ ಗಾಡಿ. ನಮ್ಮ ಹಳೇ ಗಾಡಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಬೇರೆ ಕಂಪನಿಯ ಕನ್ನಡಿ ಹಾಕಿಸಿಕೊಂಡರೆ ಮೊದಲು ಮೂಗು ಮುರಿಯುವವನು ನಾನೇ.

ಆದರೆ ಈ ಅಸಲಿ ಗಾಡಿಗೆ ಒಂದು ಚಾಳಿ. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಉಸಿರು ಬಿಡುತ್ತದೆ. ನನ್ನ ಹೆಂಡತಿ ಗಿರಿಜೆ ಮದುವೆಮನೆಗೆ ಹೊರಟ ವೇಷದಲ್ಲೇ ಅದನ್ನು ಎರಡು ಸಲ ತಳ್ಳಿದ್ದಾಳೆ. ಮೊನ್ನೆ ಯಳಂದೂರಿನಲ್ಲಿ ಅವಳ ತಂಗಿಯ ಮಗಳ ನಿಶ್ಚಿತಾರ್ಥ. "ಬಸ್ಸಲ್ಲಿ ಓಗಾನ" ಎಂದಳು. ನಾನು ಗಾಡಿಯಲ್ಲೇ ಎಂದು ಹಟ ಹಿಡಿದೆ. ಅವಳು ರೇಗಿದ್ದರೆ ವಾಸಿಯಿತ್ತು. "ಸರಿ, ಗಾಡೀಲೇ ಓಗಾನ. ದಾರೀಲಿ ನಿಂತ್ರೆ ಮಾತ್ರ ನಾಳೆ ಗುಜರಿಯವ್ನ ನಾನೇ ಕೂಗ್ತೀನಿ" ಎಂದು ತಣ್ಣಗೆ ಹೇಳಿ ಸ್ನಾನಕ್ಕೆ ಹೋದಳು.

ನಾನು ಗುಂಪಿನಲ್ಲಿ ಮೊರೆಯಿಟ್ಟೆ. ಅಜ್ಜೀಪುರದ ರೈತ ಮಾದೇಶ ಗೊಬ್ಬರ ಕೊಳ್ಳಲು ಊರಿಗೆ ಬಂದಿದ್ದವನು ಓಡಿ ಬಂದ. ಐದೇ ನಿಮಿಷದಲ್ಲಿ ನಡುಮನೆಯ ನೆಲದ ಮೇಲೆ, ಹಳೇ ಪೇಪರಿನ ಮೇಲೆ ಕಾರ್ಬೊರೇಟರ್ ಬಿಡಿಬಿಡಿಯಾಗಿ ಮಲಗಿತ್ತು. "ಜೆಟ್ ಕಟ್ಕಂಡದೆ ಸಾ" ಎಂದು ಪೆಟ್ರೋಲ್ ಹಾಯುವ ಪುಟ್ಟ ಹಿತ್ತಾಳೆಯ ತುಂಡನ್ನು ತೋರಿಸಿದ. ಅದರ ತೂತು ಸೂಜಿಮೊನೆಯಷ್ಟು. ಊದಿದೆವು, ಹೋಗಲಿಲ್ಲ. ಊರಿನಲ್ಲೇ ಮಗ್ಗ ಇಟ್ಟಿರುವ ನಮ್ಮ ಗುಂಪಿನ ರಾಜಣ್ಣ, "ತಂತಿ ಗಿಂತಿ ಆಕ್ಬ್ಯಾಡಿ ಸಾ, ತೂತು ದೊಡ್ದಾದ್ರೆ ಮುಗೀತು" ಎಂದು ಗುಂಪಿಗೆ ದನಿ ಸಂದೇಶ ಕಳಿಸಿದ. ಪೊರಕೆಕಡ್ಡಿ ದಪ್ಪವಾಯಿತು. ಕೂದಲಾದರೂ ಸಿಕ್ಕೀತೇ ಎಂದು ಮಾದೇಶ ನನ್ನ ತಲೆ ನೋಡಿದ, ಪಾಪ ಅನಿಸಿರಬೇಕು, ಕಣ್ಣು ತಿರುಗಿಸಿದ. ಆ ಕಣ್ಣು ನಿಶ್ಚಿತಾರ್ಥಕ್ಕೆ ಉಡಲೆಂದು ಗಿರಿಜೆ ಮಂಚದ ಮೇಲೆ ತೆಗೆದಿಟ್ಟಿದ್ದ ಸೀರೆಯ ಮೇಲೆ ಬಿತ್ತು. "ಸಾ, ಒಂದೇ ಒಂದು ಎಳೆ ಜರಿ..."

ಆ ಸೀರೆಯ ಬಗ್ಗೆ ಹೇಳಲೇಬೇಕು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ನಾನೇ ತಂದದ್ದು. ಅಪ್ಪಟ ಜರಿ ಎಂದು ಅಂಗಡಿಯವನು ಮಕ್ಕಳ ಮೇಲೆ ಆಣೆ ಮಾಡಿದ್ದ. ಮಗ್ಗದ ಮನೆಯಲ್ಲಿ ಬೆಳೆದ ಗಿರಿಜೆ ಅಂಚನ್ನು ಬೆರಳಲ್ಲಿ ಒಮ್ಮೆ ತಿಕ್ಕಿ, "ಚೆನ್ನಾಗದೆ" ಎಂದಷ್ಟೇ ಹೇಳಿ ಬೀರುವಿಗಿಟ್ಟಿದ್ದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡಿದ್ದೆ.

ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ ಒಂದು ಎಳೆ ಎಳೆದೆ. ಅದು ತೂತಿನೊಳಗೆ ನೆಟ್ಟಗೆ ನುಗ್ಗಿ, ಕಸವನ್ನೆಲ್ಲ ಆಚೆ ತಳ್ಳಿತು. ಎಳೆ ಜೆಟ್ಟಿನಲ್ಲಿ ನಿಂತಿದ್ದಂತೆಯೇ, ಪಕ್ಕದಲ್ಲಿ ಕಾರ್ಬೊರೇಟರ್ ಕಾಣುವ ಹಾಗೆ ನಾನು ಒಂದು ಫೋಟೊ ತೆಗೆದುಕೊಂಡೆ. ಎಲ್ಲವನ್ನೂ ಜೋಡಿಸಿ ಒಂದೇ ಕಿಕ್ ಹೊಡೆದದ್ದಕ್ಕೆ ಗಾಡಿ ಟಪಟಪನೆ ಬಡಿಯತೊಡಗಿತು, ಆಕ್ಸಿಲರೇಟರ್ ಬಿಟ್ಟರೂ ಸಾಯಲಿಲ್ಲ! ಮಾದೇಶನನ್ನು ತಬ್ಬಿಕೊಂಡೆ. ಫೋಟೊವನ್ನು ಗುಂಪಿಗೆ ಹಾಕಿ, "ಅಸಲಿ ಕಾರ್ಬೊರೇಟರಿಗೆ ಅಪ್ಪಟ ಜರಿ!" ಎಂದು ಬರೆದೆ. ಬುದ್ಧಿಯಿದ್ದವರು ಕದ್ದ ಮೇಲೆ ಅದರ ಫೋಟೊ ಹಂಚುವುದಿಲ್ಲ.

ಯಳಂದೂರಿನವರೆಗೂ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ನಾದಿನಿಯ ಮನೆಯ ಮುಂದೆ ನಿಲ್ಲಿಸಿದಾಗ ಗಿರಿಜೆ ತನ್ನ ಬ್ಯಾಗಿನಲ್ಲಿದ್ದ ನನ್ನ ಫೋನು ಕೊಡಲು ತೆಗೆದಳು. ಫೋಟೊ ಕಂಡಿತು. ಅದರ ಕೆಳಗೆ ರಾಜಣ್ಣನ ದನಿ ಬಂದಿತ್ತು, ಅದನ್ನೂ ಒತ್ತಿದಳು. "ಸಾ, ಅಸ್ಲಿ ಜರಿ ಆಗಿದ್ರೆ ಒಳಗೆ ರೇಸ್ಮೆ ಇರ್ತದೆ, ಮೆತ್ತಗೆ ಬಗ್ಗೋಯ್ತದೆ. ನಿಮ್ದು ಕಡ್ಡಿ ನಿಂತಂಗೆ ನಿಂತದಲ್ಲ, ಅದು ಪ್ಲಾಸ್ಟಿಕ್ಕು. ಆಮ್ಯಾಕೆ ಆ ಕಾರ್ಬೊರೇಟರ್ ಮ್ಯಾಲೆ ಕಂಪನಿ ಅಚ್ಚೇ ಇಲ್ವಲ್ಲ? ಅದೂ ಡೂಪ್ಲಿಕೇಟೇ ಕಣಿ ಸಾ."

ನಾನು ಹೆಲ್ಮೆಟ್ ತೆಗೆಯಲಿಲ್ಲ. ಒಳಗಿದ್ದರೇ ಕ್ಷೇಮ ಅನಿಸಿತು.

"ಜರಿ ಇಸ್ಯ ತಂದ ದಿನಾನೇ ಗೊತ್ತಿತ್ತು ಕಣ್ರೀ" ಎಂದಳು ಗಿರಿಜೆ. "ಆಸೆಯಿಂದ ತಂದಿದ್ರಲ್ಲ, ಅದ್ಕೇ ಸುಮ್ಕಿದ್ದೆ. ಕಾರ್ಬೊರೇಟರ್ ಇಸ್ಯ ನಿಮ್ಗೆ ಗೊತ್ತಿತ್ತಾ?"

ಅಷ್ಟರಲ್ಲಿ ಗಂಡಿನ ತಾಯಿ ಬಾಗಿಲಿಗೆ ಬಂದು, ಸೆರಗು ಮುಟ್ಟಿ, "ಅಪ್ಪಟ ಜರಿನಾ ತಾಯಿ?" ಎಂದರು.

ಗಿರಿಜೆ ನನ್ನತ್ತ ಒಮ್ಮೆ ನೋಡಿದಳು. "ಊಂ ಕಣಕ್ಕಾ. ನಮ್ಮನೆಯವ್ರ ಗಾಡಿ ಎಷ್ಟು ಒರಿಜಿನಲ್ಲೋ, ಇದೂ ಅಷ್ಟೇ ಒರಿಜಿನಲ್ಲು."

ಆ ತಾಯಿ ನನ್ನ ಗಾಡಿಯನ್ನು ಬಹಳ ಗೌರವದಿಂದ ನೋಡಿದರು.

ಗುಜರಿಯವನು ಬರಲಿಲ್ಲ, ಗಾಡಿ ಉಳಿಯಿತು. ಮಾರನೆಯ ದಿನ ಕಚೇರಿಯಲ್ಲಿ ಒಬ್ಬರು ಕಾಗದ ಮುಂದಿಟ್ಟು, "ಒರಿಜಿನಲ್ಲೇ ಸಾ, ಮಾದಪ್ಪನಾಣೆ" ಎಂದರು. ಬೆಳಕಿಗೆ ಹಿಡಿಯಲು ಕೈ ಎತ್ತಿದೆ. ಯಾಕೋ ಧೈರ್ಯ ಸಾಲದೆ, ಪಕ್ಕದ ಮೇಜಿಗೆ ಕಳಿಸಿಬಿಟ್ಟೆ.