ಅರಶಿನ ಎಲೆಯ ಬಾಡಿಗೆದಾರರಿಗೆ

ಸಾನಪಾಡಾ, ಆಗಸ್ಟ್ 2014

ಮಾನ್ಯ ಸ್ಕಿಪ್ಪರ್ ಚಿಟ್ಟೆ ಮಹಾಶಯರೇ,

ಇಲ್ಲಿನ ನಗರಪಾಲಿಕೆ ಉದ್ಯಾನದ ಹಿಂಗೋಡೆಯ ಬಳಿ, ಮಾಲಿಯನ್ನು ಒಪ್ಪಿಸಿ ಅರಶಿನ ನೆಟ್ಟ ಜಯಲತಾ ಶೆಟ್ಟಿಯ ನಮಸ್ಕಾರಗಳು. ತಾವು ಸಕುಟುಂಬ ಹೊಟ್ಟೆ ತುಂಬ ಉಂಡು ಸುಖವಾಗಿದ್ದೀರೆಂದು ನನ್ನ ಗಿಡಗಳನ್ನು ನೋಡಿಯೇ ತಿಳಿದಿರುವುದರಿಂದ ಕ್ಷೇಮ ವಿಚಾರಿಸುವುದಿಲ್ಲ.

ಚಿಟ್ಟೆಗೆ ಬಣ್ಣವಿರಬೇಕೆಂದು ಹೈಸ್ಕೂಲಿನಲ್ಲಿ ಕಲಿತವಳು ನಾನು. ತಾವಾದರೋ ಚಹಾದ ಚರಟದ ಬಣ್ಣದವರು. ಭಾನುವಾರ ಕ್ಯಾಮೆರಾ ಹಿಡಿದು ಬರುವ ಗುಂಪು, ಅದರಲ್ಲಿ ನನ್ನ ಮೊಮ್ಮಗಳು ನಿಶ್ಮಿತಾಳೂ ಒಬ್ಬಳು, ತಮ್ಮ ಗುರುತು ಹಿಡಿಯಲು ಬಗ್ಗಿ ಬಗ್ಗಿ ಓಡುತ್ತದೆ. ಒಬ್ಬನಿಗೆ ರೆಕ್ಕೆಯ ಕೆಳಭಾಗ ಕಾಣಬೇಕು, ಇನ್ನೊಬ್ಬನಿಗೆ ಮೀಸೆಯ ತುದಿಯ ಕೊಕ್ಕೆ ಕಾಣಬೇಕು. ತಾವು ಎರಡನ್ನೂ ತೋರಿಸದೆ, ಸಣ್ಣ ಸ್ಟೇಷನ್ನನ್ನು ಲೆಕ್ಕಿಸದ ಫಾಸ್ಟ್ ಲೋಕಲಿನಂತೆ ಹೊರಟುಹೋಗುತ್ತೀರಿ. ಗಿಡದಲ್ಲಿ ಕಂಡ ಮರಿಹುಳು ರೆಕ್ಕೆ ಪಡೆದು ಹೊರಬಂದರೆ ಮಾತ್ರ ಹೆಸರು ಖಚಿತವಾಗುತ್ತದೆಂದು ಗುಂಪಿನ ಮುಖಂಡ ಹಿತೇಶ್ ತೀರ್ಪು ಕೊಟ್ಟ.

ಆ ಮರಿಹುಳುವೋ ನನ್ನ ಅರಶಿನ ಎಲೆಯನ್ನೇ ಮಡಚಿ, ಅಂಚು ಅಂಟಿಸಿ ಒಳಗೆ ಕೂತಿತ್ತು. ಡಿಪಾಸಿಟ್ ಇಲ್ಲದೆ, ಪೊಲೀಸ್ ವೆರಿಫಿಕೇಶನ್ ಇಲ್ಲದೆ ಬಂದು ಗೋಡೆಯನ್ನೇ ತಿನ್ನುವ ಬಾಡಿಗೆದಾರರನ್ನು ನವಿ ಮುಂಬಯಿಯಲ್ಲೂ ನಾನು ಕಂಡಿರಲಿಲ್ಲ.

ನಾಗರಪಂಚಮಿಗೆ ನಾವೂ ಅರಶಿನ ಎಲೆ ಮಡಚುತ್ತೇವೆ. ಅಕ್ಕಿಹಿಟ್ಟು ಸವರಿ, ಕಾಯಿ-ಬೆಲ್ಲ ತುಂಬಿ, ಹಬೆಯಲ್ಲಿ ಬೇಯಿಸಿ ಗಟ್ಟಿ ಎಂಬ ಕಡುಬು ಮಾಡುತ್ತೇವೆ. ಮದುವೆಯಾದಂದಿನಿಂದ ನನ್ನ ಒಲೆಯಲ್ಲಿ ಅದು ತಪ್ಪಿದ್ದಿಲ್ಲ. ಡೊಂಬಿವಲಿಯ ನಾದಿನಿ ವಿಮಲಾ ಪ್ರತಿವರ್ಷ ಬಂದು ಉಂಡು, ತಪ್ಪು ಸಿಗದೆ ಹಿಂದಿರುಗುತ್ತಾಳೆ. ಈ ಸಲ ಪಂಚಮಿಯ ಬೆಳಿಗ್ಗೆ ಕತ್ತರಿ ಹಿಡಿದು ಹೋದರೆ, ತಮ್ಮ ವಂಶದವರು ತೂತು ಮಾಡದೆ ಬಿಟ್ಟ ಎಲೆಗಳು ಉಳಿದದ್ದು ಒಂದೇ ಗಿಡದಲ್ಲಿ, ಅದು ಆ ಮರಿಹುಳುವಿನ ಗಿಡ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವ ನಿಶ್ಮಿತಾ ಅಡ್ಡ ನಿಂತಳು. "ಅಜ್ಜಿ, ಯೇ ಭೀ ಕಾಟ್ ದಿಯಾ ತೋ ವೋ ಭೂಖಾ ಮರೇಗಾ. ಫಿರ್ ಮುಝೆ ಗಟ್ಟಿ ಮತ್ ದೇನಾ."

ಇದನ್ನೂ ಕತ್ತರಿಸಿದರೆ ತನಗೆ ಗಟ್ಟಿಯೇ ಬೇಡವಂತೆ. ಹಸಿದು ಸಾಯುತ್ತದೆ ಎಂಬ ಮಾತನ್ನು ಹೇಳಿದ್ದು ಹೋಟೆಲಿನವರ ಮನೆಯ ಹುಡುಗಿ, ಕೇಳಿದ್ದು ಹೋಟೆಲಿನವರ ಮನೆಯ ಹೆಂಗಸು. ಊಟ ಮುಗಿಯದವರ ಎದುರಿನಿಂದ ಎಲೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಬರಿಗೈಯಲ್ಲಿ ಬಂದು ಬಾಳೆ ಎಲೆಯಲ್ಲಿ ಗಟ್ಟಿ ಬೇಯಿಸಿದೆ. ವಿಮಲಾ ಮೂಸಿ ನೋಡಿ, "ಅತ್ತಿಗೆ, ಪರಿಮಳ ಹಿಂದಿನ ಸ್ಟೇಷನ್ನಿನಲ್ಲೇ ಇಳಿಯಿತಾ?" ಎಂದಳು. ನಿಶ್ಮಿತಾ ಮಾತ್ರ, "ಇನ್ನೊಂದು ಹಾಕಿ ಅಜ್ಜಿ," ಎಂದು ಕನ್ನಡದಲ್ಲೇ ಕೇಳಿ ಬಡಿಸಿಕೊಂಡಳು.

ಚೌತಿಗೆ ಮೊದಲೇ ತಮ್ಮ ಕುಲಪುತ್ರ ಹೊರಬಂದು, ಕಂದು ರೆಕ್ಕೆಯ ದೊಡ್ಡ ಬಿಳಿ ಮಚ್ಚೆ ತೋರಿಸಿದ. ಹೆಸರು ಗ್ರಾಸ್ ಡೀಮನ್, ಅಂದರೆ ಹುಲ್ಲಿನ ಭೂತವಂತೆ. ಭೂತಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸುವ ಊರಿನವಳಾದ ನನಗೆ ಅದರಲ್ಲಿ ತಕರಾರಿಲ್ಲ. ಹುಲ್ಲಿನ ಹೆಸರಿನಲ್ಲಿ ಅರಶಿನ ತಿಂದದ್ದಕ್ಕೆ ಮಾತ್ರ ಲಿಖಿತ ವಿವರಣೆ ಬೇಕು.

ಮುಂದಿನ ವರ್ಷ ದಯಮಾಡಿ ಆಷಾಢದಲ್ಲೇ ಊಟ ಮುಗಿಸಿರಿ. ಆಧಾರ್ ಕಾರ್ಡಿನ ಫೋಟೋಕ್ಕೆ ಕೂತಂತೆ ಕ್ಯಾಮೆರಾದ ಮಕ್ಕಳ ಮುಂದೆ ಅಲುಗಾಡದೆ ಕೂರಿರಿ. ಅನುಕೂಲವಾದರೆ ಡೊಂಬಿವಲಿಗೆ ಹೋಗಿ ವಿಮಲಾಳ ಕುಂಡದ ಅರಶಿನದ ರುಚಿಯನ್ನೂ ನೋಡಿರಿ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಜಯಲತಾ ಶೆಟ್ಟಿ

ಮರೆತ ಮಾತು: ಬಾಳೆ ಎಲೆಯನ್ನೇ ಸುರುಳಿ ಸುತ್ತಿ ತಿನ್ನುವ ಬಂಧುಗಳೂ ತಮಗಿದ್ದಾರೆಂದು ನಿಶ್ಮಿತಾ ಸಂತೋಷದಿಂದ ತಿಳಿಸಿದ್ದಾಳೆ. ಅವರಿಗೆ ನನ್ನ ವಿಳಾಸ ಕೊಡಕೂಡದು.